ಎಂಟು ದಿನಕ್ಕೊಂದು ಸಲ ನೀರು

ಅಫಜಲಪುರದ ಘತ್ತರಗಿ ರಸ್ತೆಯಲ್ಲಿದ್ದ ದೌಲತರಾಯ ಮಾಸ್ತರರ ತೋಟ ನಾಲ್ಕು ವರ್ಷ ಊರಿಗೆಲ್ಲ ಗೊತ್ತಿದ್ದ ತೋಟ. ಅದು ಬೇರೆಯವರ ನೀರಿನಲ್ಲಿ ಬೆಳೆಯುತ್ತಿದೆ ಎನ್ನುವುದು ಮಾತ್ರ ಮಾಸ್ತರರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಮತ್ತೆ ಎರಡು ವರ್ಷ ಬೇಕಾದವು. ಆ ಎರಡು ವರ್ಷ ನೆನಪಾದ ದಿನ ಅವರಿಗೆ ಈಗಲೂ ಊಟ ಸೇರುವುದಿಲ್ಲ. ಸೇರಲೂಬಾರದು ಬಿಡಿ.

ಮಾಸ್ತರರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಜೇವರ್ಗಿಯಿಂದ ವರ್ಗವಾಗಿ ಬಂದು, ಇಸವಿ ಎಂಬತ್ತರಲ್ಲಿ ಇಲ್ಲೇ ಒಂದು ಮನೆ ಕಟ್ಟಿಸಿದರು. ಕಟ್ಟಿದವರು ಪಕ್ಕದ ಮನೆಯ ಇಮಾಮಸಾಬರು. ಅರವತ್ತು ದಾಟಿದ ಗೌಂಡಿ, ಕೈಯಲ್ಲಿ ಕರಣಿ ಹಿಡಿದರೆ ಗೋಡೆ ತಾನೇ ನೆಟ್ಟಗೆ ನಿಲ್ಲಬೇಕು, ಅಂಥ ಕೆಲಸಗಾರ. ಮನೆಯೇನೋ ಚೆಂದವಾಯಿತು. ಮುಂದೆ ಮೂವತ್ತು ಅಡಿ ಅಂಗಳವೂ ಉಳಿಯಿತು. ಆದರೆ ಅದು ಎರೆ ಮಣ್ಣು, ಬೇಸಿಗೆಯಲ್ಲಿ ಕೈ ತೂರಿಸುವಷ್ಟು ಬಿರುಕು ಬಿಡುತ್ತದೆ. ನಳ ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು, ಬಂದರೂ ನಾಲ್ಕು ಕೊಡ ತುಂಬುವುದರೊಳಗೆ ಕೆಮ್ಮಿ ನಿಂತುಬಿಡುತ್ತಿತ್ತು.

ಮಾಸ್ತರರ ಹೆಂಡತಿ ಗುರುಬಾಯಿಗೆ ಮನೆ ಮುಂದೆ ಹೂವು ಬೇಕು. ಪೂಜೆಗೂ ಬೇಕು, ಮುಡಿಯಲಿಕ್ಕೂ ಬೇಕು. ಮಾಸ್ತರರಿಗೂ ಬೇಕಿತ್ತು, ಆದರೆ ತಮ್ಮ ಲೆಕ್ಕದಲ್ಲಿ ಬೇಕಿತ್ತು.

"ಗಿಡಕ್ಕ ದಿನಾ ನೀರು ಹಾಕೋದಂದ್ರ ಅದಕ್ಕ ಚಟ ಹಚ್ಚಿಸಿದಂಗ," ಎಂದರು. "ಚಟ ಇಲ್ಲದ ಗಿಡಾನೇ ತರ್ತೇನಿ ತಡಿ."

ಹಾಗೆಂದು ಭಾನುವಾರಕ್ಕೊಂದು ಊರಿಗೆ ಗೋಣಿಚೀಲ ಹಿಡಿದು ಹೊರಟರು. ಗಿಡ ಆರಿಸುವುದಕ್ಕೆ ಅವರದೊಂದು ಪರೀಕ್ಷೆ ಇತ್ತು. ಹೂವಿನ ಚೆಂದ ನೋಡುವುದು ಆಮೇಲೆ. ಮೊದಲು ಎಲೆ ಮುಟ್ಟಿ ನೋಡುವರು, ದಪ್ಪಗಿದೆಯೋ, ಸಣ್ಣದಿದೆಯೋ, ಮುರಿದರೆ ಹಾಲು ಬರುತ್ತದೆಯೋ ಎಂದು. ಆಮೇಲೆ ಅಲ್ಲಿನ ಯಾರಾದರೂ ಹಿರಿಯರನ್ನು ಹಿಡಿದು, "ಎಪ್ಪತ್ತೆರಡರ ಬರದಾಗ ಈ ಗಿಡ ಇತ್ತೇನ್ರಿ?" ಎಂದು ಕೇಳುವರು. ಇತ್ತು ಎಂದರೆ ಚೀಲಕ್ಕೆ. ನೆನಪಿಲ್ಲ ಎಂದರೆ ಅದು ಎಷ್ಟು ಹೂ ಬಿಟ್ಟಿದ್ದರೂ ಬೇಡ. ಎಪ್ಪತ್ತೆರಡರ ಬರ ಕಂಡವರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಾಣಗಾಪುರದ ಲಾಜಿನ ಗೋಡೆಯಿಂದ ಕಾಗದದ ಹೂವಿನ ಬಳ್ಳಿ ಬಂತು, ಜಿಡಗಾ ಮಠದ ಅಂಗಳದಿಂದ ಕೇಳಿಕೊಂಡು ತಂದ ದೇವಗಣಗಿಲೆಯ ಟೊಂಗೆ ಬಂತು. ಗೋರಟೆ, ನಿತ್ಯಪುಷ್ಪ, ಲೋಳೆಸರ ಎಲ್ಲ ಬಂದವು. ಚೌಡಾಪುರದ ರಸ್ತೆ ಬದಿಯ ಆವರಿಕೆಯನ್ನು ಬೇರುಸಹಿತ ಕಿತ್ತು ಬಸ್ಸು ಹತ್ತಿದಾಗ ಕಂಡಕ್ಟರು ನಕ್ಕೇ ನಕ್ಕ. "ಮಾಸ್ತರ್ರ, ಊರ ಹೊರಗ ಬೇಕಾದಷ್ಟು ಬಿದ್ದದಲ್ರಿ ಇದು. ಇದಕ್ಕೂ ಟಿಕೀಟ್ ಕೊಡ್ಲೇನ್ರಿ?" ಎಂದ. ಮಾಸ್ತರರು ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡುತ್ತ ಕೂತರು.

ಅದೇ ವಾರ ಇಮಾಮಸಾಬರು ಕಂಪೌಂಡಿನ ಮೂಡಣ ಗೋಡೆ ಕಟ್ಟುತ್ತಿದ್ದರು. ಆ ಗೋಡೆಯ ಆಚೆ ಅವರದೇ ಅಂಗಳ. ಅಲ್ಲೊಂದು ಶಹಾಬಾದ ಪರಶಿಕಲ್ಲು ಹಾಕಿಕೊಂಡು, ನಮಾಜಿಗೆ ಮುಂಚೆ ಅದರ ಮೇಲೆ ಕೂತು ಕೈಕಾಲು ಮುಖ ತೊಳೆದು ವಜೂ ಮಾಡುವರು. ಮೊಣಕಾಲು ಹಿಡಿದುಕೊಂಡಿದ್ದರಿಂದ ಶುಕ್ರವಾರವೊಂದು ಬಿಟ್ಟು ಉಳಿದ ದಿನ ಅವರ ನಮಾಜು ಮನೆಯಲ್ಲೇ.

"ಮಾಸ್ತರ್ರ, ಗ್ವಾಡಿ ಬುಡಕ ಒಂದು ಹಾದಿ ಬಿಡ್ಲೇನ್ರಿ?" ಎಂದು ಕೇಳಿದರು. "ನಮ್ಮ ವಜೂದ ನೀರು ಗಟಾರಕ್ಕ ಹೋಗಾಕತ್ತದ. ಗಟಾರದ ಹೊಲಸಿನ್ಯಾಗ ಅದು ಕೂಡಬಾರ್ದ್ರಿ. ನಿಮ್ಮ ಗಿಡಕ್ಕರೆ ಹೋಗ್ಲಿ."

ಮಾಸ್ತರರು ಆ ಹೊತ್ತಿಗೆ ಯಾವ ಗಿಡ ಎಲ್ಲಿ ಎಂದು ಕಾಗದದ ಮೇಲೆ ಗೀಟು ಎಳೆಯುತ್ತಿದ್ದರು. "ಹೂಂ, ಬಿಡ್ರಿ," ಎಂದರು. ಏನು ಬಿಡುವುದು, ಯಾಕೆ ಬಿಡುವುದು ಒಂದೂ ಕಿವಿಗೆ ಬಿದ್ದಿರಲಿಲ್ಲ. ಆಮೇಲೆ ಮಣ್ಣು ಕಾಯಬಾರದೆಂದು ಗಿಡದ ಬುಡಕ್ಕೆಲ್ಲ ಒಂದು ಗೇಣು ದಪ್ಪ ಜಲ್ಲಿಕಲ್ಲು ಹರಡಿಸಿದರು. ಗೋಡೆಯ ಬುಡದ ತೂತು ಅದರಡಿ ಮುಚ್ಚಿಹೋಯಿತು. ನೀರು ಹರಿಯುವುದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ತೋಟ ಎದ್ದಿತು ನೋಡಿ! ಅದರಲ್ಲೂ ಮೂಡಣ ಗೋಡೆಯ ಬದಿ ಹುಚ್ಚೆದ್ದಂತೆ ಬೆಳೆಯಿತು. ದೇವಗಣಗಿಲೆ ಎರಡೇ ವರ್ಷಕ್ಕೆ ಗೋಡೆ ದಾಟಿತು. ಗುರುಬಾಯಿ ಹಟ ಹಿಡಿದು ಗೋಡೆಯ ಪಕ್ಕ ಒಂದು ದುಂಡುಮಲ್ಲಿಗೆ ನೆಟ್ಟಿದ್ದಳು. "ಇದು ಹದಿನೈದು ದಿನ ಬಾಳಿದ್ರ ನನ್ನ ಹೆಸರು ಬದಲಿ ಮಾಡ್ಕೋತೇನಿ," ಎಂದಿದ್ದರು ಮಾಸ್ತರರು. ಅದು ಬದುಕಿತು. ಬದುಕಿದ್ದಷ್ಟೇ ಅಲ್ಲ, ಬೇಸಿಗೆಯಲ್ಲಿ ದಿನಾ ಒಂದು ಬೊಗಸೆ ಮೊಗ್ಗು ಕೊಟ್ಟಿತು. ಮಲ್ಲಿಗೆಗೆ ನೀರು ಎಷ್ಟು ಬೇಕು ಎನ್ನುವುದು ವಿಜ್ಞಾನದ ಮಾಸ್ತರರಿಗೆ ಗೊತ್ತಿರದ ಸಂಗತಿಯೇ? ಗೊತ್ತಿತ್ತು. ಆದರೆ ಮನುಷ್ಯ ತನ್ನ ಜಾಣತನ ಹೂ ಬಿಟ್ಟಿದೆ ಎಂದುಕೊಂಡಾಗ ಬುಡ ಕೆದರಿ ನೋಡಲು ಹೋಗುವುದಿಲ್ಲ. ಎಂಟು ದಿನಕ್ಕೊಮ್ಮೆ ಗಿಡಕ್ಕೊಂದು ಚರಗಿ ನೀರು, ಮೇಲೆ ಜಲ್ಲಿಕಲ್ಲು, ಇದರಿಂದ ಬೇರಿಗೆ ಬಾಯಾರಿಕೆ ತಡೆಯುವುದು ರೂಢಿಯಾಗುತ್ತದೆ ಎಂದು ಅವರೊಂದು ಸಿದ್ಧಾಂತ ಮಾಡಿಕೊಂಡರು.

ನೋಡಲು ಜನ ಬಂದರು. ಸಾಹೇಬರೊಬ್ಬರು ಜೀಪು ನಿಲ್ಲಿಸಿ ಇಳಿದು ಬಂದು ಹೊಗಳಿದರು. ಮಾಸ್ತರರು ಹನ್ನೊಂದು ಗಿಡಗಳ ಪಟ್ಟಿ ಬರೆದು ಶಾಲೆಯಲ್ಲಿ ಸೈಕ್ಲೋಸ್ಟೈಲ್ ತೆಗೆಸಿ, ಬಂದವರಿಗೆಲ್ಲ ಒಂದೊಂದು ಹಾಳೆ ಕೊಡತೊಡಗಿದರು. ಪಟ್ಟಿಯ ಏಳನೆಯ ಹೆಸರು ದುಂಡುಮಲ್ಲಿಗೆ. ಇಮಾಮಸಾಬರೂ ಸಂಜೆಯಾದರೆ ಬಂದು ಕಟ್ಟೆಯ ಮೇಲೆ ಕೂತು, ಮೊಣಕಾಲು ನೀವಿಕೊಳ್ಳುತ್ತ, ಗುರುಬಾಯಿ ಕೊಟ್ಟ ಚಹಾ ಕುಡಿಯುವರು. ಅವರೂ ಹೊಗಳುವರು. "ಮಾಸ್ತರ್ರ ಕೈಗುಣ ದೊಡ್ಡದದ," ಎನ್ನುವರು. ನನ್ನ ನೀರು ಎಂದು ಒಂದು ದಿನವೂ ಅನ್ನಲಿಲ್ಲ. ಮಾಸ್ತರರಿಗೆ ಗೊತ್ತೇ ಇದೆ ಎಂದುಕೊಂಡಿದ್ದರು ಪಾಪ. ಹಾದಿ ಬಿಡಲೇ ಎಂದು ಕೇಳಿಯೇ ಬಿಟ್ಟಿದ್ದರಲ್ಲ.

ಎಂಬತ್ತನಾಲ್ಕರ ಚಳಿಗಾಲ ಮುಗಿಯುವ ಹೊತ್ತಿಗೆ ಮೂಡಣ ಗೋಡೆ ಬಿರುಕು ಬಿಟ್ಟಿತು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಗೋಡೆಯನ್ನು ಎತ್ತುತ್ತದೆ. ಬುಡದಲ್ಲಿ ಮಾರುದ್ದ ಸುಣ್ಣ ಉದುರಿತ್ತು. ಶಾಲೆಯಲ್ಲಿ ಹೆಡ್‌ಮಾಸ್ತರರ ಜೊತೆ ಜಗಳಾಡಿ ಬಂದಿದ್ದ ದಿನ ಅದು. ಮಾಸ್ತರರ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಜಲ್ಲಿಕಲ್ಲು ಸರಿಸಿದರೆ ಕೆಳಗೆ ಹಸಿ ಹಸಿ ಮಣ್ಣು, ಗೋಡೆಯಲ್ಲಿ ಅಂಗೈ ಅಗಲದ ತೂತು. ಕಟ್ಟೆಯ ಮೇಲೆ ಕೂತಿದ್ದ ಇಮಾಮಸಾಬರ ಮೇಲೆ ಹರಿಹಾಯ್ದರು.

"ಏನ್ರಿ ಇದು ಇಮಾಮಸಾಬ್ರ? ನಿಮ್ಮ ಬಚ್ಚಲ ನೀರು ನನ್ನ ಬುನಾದಿಗೆ ಬಿಟ್ಟೀರಲ್ಲ?"

"ಬಚ್ಚಲದ್ದಲ್ರಿ ಮಾಸ್ತರ್ರ. ವಜೂದ್ದು."

"ಯಾವುದರೆ ಇರ್ಲಿ! ಕೈಕಾಲು ತೊಳದ ನೀರು ಹೊಲಸಲ್ದ ಮತ್ತೇನು? ನಿಮ್ಮ ಹೊಲಸು ನನ್ನ ಮನಿಗೆ ಯಾಕ?"

ಇಮಾಮಸಾಬರು ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟರು. ಎದ್ದು ಹೋದರು. ಮರುದಿನ ಬೆಳಿಗ್ಗೆ ಬುಟ್ಟಿ, ಕರಣಿ ಹಿಡಿದು ತಾವೇ ಬಂದರು. ತೂತಿಗೆ ಇಟ್ಟಿಗೆ ಕೊಟ್ಟು, ಸಿಮೆಂಟು ತುಂಬಿ, ಬಿರುಕನ್ನೂ ಮುಚ್ಚಿ, ನುಣ್ಣಗೆ ಗಿಲಾವು ಮಾಡಿ, ಸುಣ್ಣವನ್ನೂ ಬಳಿದರು. "ಆತ್ರಿ ಮಾಸ್ತರ್ರ," ಎಂದು ಹೇಳಿ ಹೋದರು. ಅಂದಿನಿಂದ ಅವರು ಆ ಕಟ್ಟೆಯ ಮೇಲೆ ಕೂರಲಿಲ್ಲ.

ಒಂದೂವರೆ ತಿಂಗಳಿಗೆ ಮಲ್ಲಿಗೆಯ ಮೊಗ್ಗು ನಿಂತಿತು. ಆಮೇಲೆ ಎಲೆ ಸುರುಟಿತು. ದೇವಗಣಗಿಲೆ ಸಾಯಲಿಲ್ಲ, ಆದರೆ ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿಸಿ ಬೋಳಾಗಿ ನಿಂತಿತು. ಪಡುವಣ ಬದಿಯ ಕಾಗದದ ಹೂವು, ಆವರಿಕೆ ಮೊದಲಿನಿಂದಲೂ ತಮ್ಮ ಪಾಡಿಗೆ ಅಷ್ಟಕ್ಕಷ್ಟೇ ಇದ್ದವು, ಈಗಲೂ ಹಾಗೇ ಇದ್ದವು. ಜನ ಹೊಗಳಿದ್ದು ಅವನ್ನಲ್ಲ. ಮಾಸ್ತರರು ಎಂಟು ದಿನದ ಬದಲು ನಾಲ್ಕು ದಿನಕ್ಕೆ ನೀರು ಹಾಕಿ ನೋಡಿದರು, ಗೊಬ್ಬರ ಹಾಕಿ ನೋಡಿದರು. ಎಲ್ಲ ಗೊತ್ತಿದ್ದೂ ಮಾಡಿದರು. ಮಣ್ಣು ಮುಟ್ಟಿ ನೋಡಿದ ಮೊದಲ ದಿನವೇ ಗಿಡ ಬೆಳೆದದ್ದು ಆ ನೀರಿನಿಂದ ಎಂದು ಅವರಿಗೆ ತಿಳಿದುಹೋಗಿತ್ತು.

ಗುರುಬಾಯಿ ಒಂದು ದಿನ ಪೂಜೆ ಮುಗಿಸಿ, ಲಿಂಗ ತೊಳೆದ ನೀರನ್ನು ಯಾರೂ ತುಳಿಯಬಾರದೆಂದು ಪತ್ರಿ ಗಿಡದ ಬುಡಕ್ಕೆ ಹಾಕುತ್ತಿದ್ದಳು. ಗಂಡ ಒಣಗಿದ ಮಲ್ಲಿಗೆಯ ಮುಂದೆ ಕೂತಿದ್ದನ್ನು ಕಂಡು ಅಲ್ಲೇ ನಿಂತಳು.

"ಇದಕ್ಕ ಯಾರರೆ ಹೊಲಸು ಅಂದ್ರ ನಿಮಗ ಹ್ಯಾಂಗ ಆಗ್ತದ್ರಿ?" ಎಂದಳು.

ಮಾಸ್ತರರು ಮಲ್ಲಿಗೆಯ ಒಣ ಟೊಂಗೆ ಮುರಿಯುತ್ತ ಕೂತರು.

"ಹೋಗ್ರಿ. ಹೋಗಿ ತಪ್ಪಾತು ಅನ್ರಿ. ನಾಲ್ಕು ಹೆಜ್ಜಿ ಅದ. ಆ ಹಿರಿ ಜೀವ ಮನಸಿಗೆ ಹಚಗೊಂಡು ಕುಂತದ."

"ಹೋಗ್ತೇನಿ, ಹೋಗ್ತೇನಿ. ನಾಳಿಗೆ ಹೋಗ್ತೇನಿ."

ನಾಳೆ ಬಂತು, ಹೋಯಿತು. ಇಮಾಮಸಾಬರು ಬೀದಿಯಲ್ಲಿ ಸಿಕ್ಕರೆ "ನಮಸ್ಕಾರ್ರಿ ಮಾಸ್ತರ್ರ," ಎಂದು ಮೊದಲಿನಂತೆಯೇ ಕೈ ಎತ್ತುವರು. ಅದೇ ಒಂದು ನೆಪವಾಯಿತು. ಸಿಟ್ಟಿಲ್ಲವಲ್ಲ, ಮತ್ತೇಕೆ ಕೆದಕುವುದು ಎಂದು ಮಾಸ್ತರರು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ನಿಜ ಏನೆಂದರೆ, ತಪ್ಪಾಯಿತು ಅನ್ನಬೇಕಾದರೆ ತೋಟ ನಿಮ್ಮದು ಎಂದೂ ಅನ್ನಬೇಕಿತ್ತು. ಹಂಚಿದ ಹಾಳೆಗಳೆಲ್ಲ ಸುಳ್ಳು ಎಂದಾಗುತ್ತಿತ್ತು. ಜೀಪಿನ ಸಾಹೇಬರು ನಗುತ್ತಿದ್ದರು. ನಕ್ಕರೆ ನಗಲಿ ಎನ್ನುವ ಎದೆ ಮಾಸ್ತರರಿಗೆ ಇರಲಿಲ್ಲ. ಅಷ್ಟೇ ಸಂಗತಿ.

ಆ ವರ್ಷವೇ ಆಳಂದದಲ್ಲಿ ಶಿಕ್ಷಕರ ಸಭೆ. ಬರದ ನಾಡಿನಲ್ಲಿ ಹೂದೋಟ ಎಂದು ಮಾಸ್ತರರ ಭಾಷಣ ಇಟ್ಟಿದ್ದರು. ಬರುವುದಿಲ್ಲ ಎನ್ನಬಹುದಿತ್ತು. ಹೋದರು. ಹನ್ನೊಂದು ಗಿಡಗಳ ಹಾಳೆಯನ್ನು ಹಂಚಿದರು. ಏಳನೆಯ ಹೆಸರನ್ನು ಹೊಡೆದು ಹಾಕಬೇಕೆಂದು ಬಸ್ಸಿನಲ್ಲಿ ಕಿಸೆಯಿಂದ ಎರಡು ಸಲ ಪೆನ್ನು ತೆಗೆದಿದ್ದರು, ಎರಡು ಸಲವೂ ತಿರುಗಿ ಇಟ್ಟಿದ್ದರು. ಭಾಷಣ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಶಿಕ್ಷಕಿ ಎದ್ದು ನಿಂತರು. ಹೆಸರು ಶಮ್ಸುನ್ನಿಸಾ.

"ಸರ್, ಮಲ್ಲಿಗಿ ಸೈತ ಆಗ್ತದೇನ್ರಿ? ಎಂಟು ದಿನಕ್ಕೊಮ್ಮೆ ನೀರು ಹಾಕಿದ್ರ?"

ಸಭೆ ಮಾಸ್ತರರ ಮುಖ ನೋಡಿತು.

"ಆಗ್ತದ್ರಿ," ಎಂದರು. "ನಮ್ಮ ಮನ್ಯಾಗ ಅದ."

ಶಮ್ಸುನ್ನಿಸಾ ಹಾಳೆಯ ಮೇಲೆ ಗುರುತು ಹಾಕಿಕೊಂಡು ಸಂತೋಷದಿಂದ ಕೂತರು. ಚಪ್ಪಾಳೆಯೂ ಬಿತ್ತು. ಮಾಸ್ತರರು ಮನೆಗೆ ಬಂದಾಗ ಗುರುಬಾಯಿ, ಒಣಗಿದ ಮಲ್ಲಿಗೆಯನ್ನು ಕಿತ್ತು ಒಲೆಯ ಹತ್ತಿರ ಹಾಕಿದ್ದಳು.

ಕಾಗದ ಬಂದದ್ದು ಎಂಬತ್ತಾರರ ಮೇ ತಿಂಗಳಲ್ಲಿ. ಇನ್‌ಲ್ಯಾಂಡ್ ಪತ್ರ, ದುಂಡು ಅಕ್ಷರ. ನೀವು ಹೇಳಿದಂತೆ ಎಲ್ಲ ಮಾಡಿದೆ ಸರ್ ಎಂದು ಶಮ್ಸುನ್ನಿಸಾ ಬರೆದಿದ್ದರು. ಎಲೆ ನೋಡಿದೆ, ಜಲ್ಲಿ ಹರಡಿದೆ, ಎಂಟು ದಿನಕ್ಕೊಮ್ಮೆ ನೀರು ಹಾಕಿದೆ. ಮೂರು ಮಲ್ಲಿಗೆ ನೆಟ್ಟೆ, ಮೂರೂ ಒಣಗಿದವು. ನಮ್ಮ ಅತ್ತೆಯವರು ಹಾಸಿಗೆ ಹಿಡಿದಿದ್ದಾರೆ. ಅವರಿಗೆ ಮಲ್ಲಿಗೆಯ ವಾಸನೆ ಇಷ್ಟವೆಂದು ಅವರ ಕಿಟಕಿಯ ಕೆಳಗೆ ನೆಟ್ಟಿದ್ದೆ. ನಿಮ್ಮಲ್ಲಿ ಬರುವುದು ನನ್ನಲ್ಲಿ ಯಾಕೆ ಬರಲಿಲ್ಲ? ನನ್ನ ಕೈಯ ತಪ್ಪು ಏನೆಂದು ದಯವಿಟ್ಟು ತಿಳಿಸಿ.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನನ್ನ ಕೈಯ ತಪ್ಪು ಏನು ಎಂದು ಕೇಳಿದ್ದಳು ಆ ಹೆಣ್ಣುಮಗಳು. ಮಾಸ್ತರರು ಆ ಸಾಲನ್ನು ಮತ್ತೆ ಮತ್ತೆ ಓದಿದರು. ಉತ್ತರ ಬರೆಯಲು ಕೂತರು. ತಪ್ಪು ನಿಮ್ಮದಲ್ಲ, ನನ್ನ ಗಿಡಕ್ಕೆ ನೀರು ಪಕ್ಕದ ಮನೆಯವರದು ಎಂದು ಬರೆಯುವಾಗ ಕೈ ನಿಂತಿತು. ಆಳಂದದ ಗುರುತಿಲ್ಲದ ಹೆಣ್ಣುಮಗಳಿಗೆ ಬರೆಯುವ ಮಾತನ್ನು ಪಕ್ಕದ ಮನೆಯ ಮನುಷ್ಯನಿಗೆ ಎರಡು ವರ್ಷದಿಂದ ಹೇಳಿಲ್ಲವಲ್ಲ ಎನ್ನಿಸಿತು. ಪೆನ್ನು ಅಲ್ಲೇ ಬಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಹೊರಟರು.

ಇಳಿಹೊತ್ತು. ಇಮಾಮಸಾಬರು ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಅವರ ಹೆಂಡತಿ ಖಾಸೀಂಬಿ ಅಕ್ಕಿ ಆರಿಸುತ್ತಿದ್ದಳು. ಮಾಸ್ತರರನ್ನು ಕಂಡು ಇಬ್ಬರೂ ಗಾಬರಿಯಾದರು.

"ಬರ್ರಿ, ಬರ್ರಿ ಮಾಸ್ತರ್ರ. ಏನಾತ್ರಿ? ಗುರುಬಾಯಾರು ಅರಾಮ ಅದಾರಿಲ್ಲೋ?"

ಮಾಸ್ತರರು ನಿಂತೇ ಹೇಳಿದರು. ಕೂತರೆ ಮತ್ತೆ ಧೈರ್ಯ ಹೋದೀತು ಎಂದು ನಿಂತೇ ಎಲ್ಲ ಹೇಳಿದರು. "ನನ್ನ ತೋಟ ಬೆಳೆಸಿದವ್ರು ನೀವು. ನಾ ಊರಿಗೆಲ್ಲ ಸುಳ್ಳು ಹೇಳೇನಿ. ನಿಮಗ ಆಡಬಾರದ ಮಾತು ಆಡೇನಿ. ಗೊತ್ತಾಗಿ ಎರಡು ವರ್ಷ ಆತು, ಬರಾಕ ಮಾರಿ ಇದ್ದಿಲ್ಲ. ತಪ್ಪಾಗ್ಯದ್ರಿ ಇಮಾಮಸಾಬ್ರ. ದೊಡ್ಡ ತಪ್ಪಾಗ್ಯದ."

ಇಮಾಮಸಾಬರು ಗಡ್ಡ ನೀವಿಕೊಳ್ಳುತ್ತ ಕೇಳಿದರು. ಏನೋ ಅನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಖಾಸೀಂಬಿಯೇ ಮೊರ ಕೆಳಗಿಟ್ಟಳು.

"ಮಾಸ್ತರ್ರ, ವಜೂಕ್ಕ ಒಂದು ಬದನಿ ನೀರು ಸಾಕಾಗ್ತದ್ರಿ," ಎಂದಳು. ಬದನಿ ಎಂದರೆ ಕೊಂಬಿನಂಥ ಮೂತಿಯಿದ್ದ ಚರಗಿ, ಅದು ಮೂಲೆಯಲ್ಲೇ ಇತ್ತು. "ನೀರು ಚೆಲ್ಲಬಾರ್ದು ಅಂತ ನಮ್ಮಾಗ ಹೇಳ್ತಾರ. ಇವ್ರು ಒಂದೊಂದು ಸಲಕ್ಕ ಅರ್ಧ ಕೊಡ ಸುರೀತಿದ್ರು. ನಾ ಬೈತಿದ್ದೆ. ಬೋರಿಂಗ ಹೊಡದು ತರಾಕಿ ನಾನಲ್ರಿ? ವಜೂಕ್ಕ ಒಂದು ಬದನಿ, ಉಳದದ್ದು ಮಾಸ್ತರ್ರ ಗಿಡಕ್ಕ, ಅದು ಚೆಲ್ಲಿದ್ದಲ್ಲ ಅಂತಿದ್ರು. ಬೇಕಂತ ಮಾಡ್ತಿದ್ರು."

ಮಾಸ್ತರರು ಹೊಸ್ತಿಲ ಹತ್ತಿರವೇ ಕೂತರು. ಹರಿದು ಬಂದ ನೀರು ಎಂದುಕೊಂಡಿದ್ದರು ಇಷ್ಟು ದಿನ. ಎಂಬತ್ತಮೂರರ ಬೇಸಿಗೆಯಲ್ಲಿ ಬೋರಿಂಗಿನ ಕೈಪಂಪಿನ ಮುಂದೆ ನೂರು ಕೊಡದ ಪಾಳಿ ಇರುತ್ತಿತ್ತು. ಆ ಪಾಳಿಯಲ್ಲಿ ಈ ಮುದುಕಿ ನಿಂತು, ಹೊಡೆದು, ತಲೆಯ ಮೇಲೆ ಹೊತ್ತು ತಂದ ನೀರು ಅದು. ಅವಳನ್ನು ಆ ಪಾಳಿಯಲ್ಲಿ ಎಷ್ಟು ಸಲ ಕಂಡಿದ್ದರೋ!

"ಸುಮ್ನಿರ, ಅದೆಲ್ಲ ಈಗ್ಯಾಕ," ಎಂದು ಇಮಾಮಸಾಬರು ಹೆಂಡತಿಯನ್ನು ಗದರಿದರು. ಮಾಸ್ತರರ ಕಡೆ ತಿರುಗಿ, "ಮಾಫಿ ನಾ ಅವತ್ತೇ ಮಾಡೇನ್ರಿ ಮಾಸ್ತರ್ರ. ಸಿಟ್ಟಿನ್ಯಾಗ ಮನಶ್ಯಾ ಏನರೆ ಅಂತಾನ. ನನಗ ಸಿಟ್ಟಿಲ್ಲ, ಖುದಾನ ಆಣಿ," ಎಂದರು.

"ಹಂಗಾದ್ರ ಆ ಗ್ವಾಡಿ ಬುಡದ ಇಟ್ಟಿಗಿ ನಾನೇ ಒಡೀತೇನ್ರಿ. ಗಿಡಕ್ಕಂತ ಅಲ್ಲ. ನೀವು ಮೊದಲಿನಂಗ—"

"ನೀವ್ಯಾಕ ಒಡೀತೀರಿ, ನಾನೇ ತಗದು ಕೊಡ್ತೇನ್ರಿ. ಅರ್ಧ ತಾಸಿನ ಕೆಲಸ." ಇಮಾಮಸಾಬರು ಮೊಣಕಾಲು ನೀವಿಕೊಂಡರು. "ಆದ್ರ ನೀರು ಬರಂಗಿಲ್ರಿ ಮಾಸ್ತರ್ರ. ಮನ್ಯಾಗ ನಾ ವಜೂ ಮಾಡೋದು ಬಿಟ್ಟೇನಿ."

"ಯಾಕ್ರಿ?"

"ಆ ಪರಶಿ ಮ್ಯಾಲ ಕುಂತು ಬೊಗಸ್ಯಾಗ ನೀರು ತಗೊಂಡ್ರ ಸಾಕ್ರಿ, ನೀವು ಅಂದ ಮಾತು ಬರ್ತದ. ಪಾಕ ಆಗಾಕ, ಶುದ್ಧ ಆಗಾಕ ಕುಂತಾವ್ಗ ಹೊಲಸು ಅನ್ನೋದು ಕೇಳಸ್ತದ. ನಮಾಜಕ್ಕ ನಿಂತ್ರೂ ಮನಸು ನಿಲ್ಲಂಗಿಲ್ಲ. ಭಾಳ ದಿನ ನೋಡಿದ್ನಿ. ಆ ಮಾತು ನಾ ಬಿಟ್ಟೇನ್ರಿ, ಕಿವಿ ಬಿಡವಲ್ದು. ಅದಕ್ಕ ಮಸೂತಿಗೆ ಹೋಗ್ತೇನಿ. ಅಲ್ಲಿ ನೀರಿನ ಹೌದಿನ ದಂಡಿಗೆ ನಾಕು ಮಂದಿ ಜೋಡಿ ಕೂತ್ರ ಕೇಳಸಂಗಿಲ್ಲ."

ದೂರುವ ದನಿಯೇ ಅಲ್ಲ ಅದು. ತಮ್ಮ ಮೊಣಕಾಲಿನ ನೋವು ಹೇಳಿದಷ್ಟೇ ಸರಳವಾಗಿ ಹೇಳಿದರು. ತಪ್ಪಾಯಿತು ಎನ್ನುವ ಮಾತನ್ನು ಮಾಸ್ತರರು ಆಗಲೇ ಖರ್ಚು ಮಾಡಿದ್ದರು.

ಸಂಜೆಯ ಮಗರಿಬ್ ನಮಾಜಿನ ಬಾಂಗು ಕೇಳಿಸಿತು. ಇಮಾಮಸಾಬರು ಗೋಡೆ ಹಿಡಿದು ಎದ್ದರು, ಟೊಪ್ಪಿಗೆ ಹಾಕಿಕೊಂಡು ಕೋಲು ತೆಗೆದುಕೊಂಡರು. "ಕುಂಡ್ರಿ ಮಾಸ್ತರ್ರ, ಚಹಾ ಕುಡದು ಹೋಗ್ರಿ," ಎಂದು ಹೇಳಿ, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಇಳಿದು ರಸ್ತೆಗೆ ಹೋದರು. ಮಸೀದಿ ಎರಡು ಫರ್ಲಾಂಗು. ಹೋಗುವಾಗ ಏರು.

ಖಾಸೀಂಬಿ ಚಹಾ ತಂದು ಮಾಸ್ತರರ ಮುಂದಿಟ್ಟಳು. ಆಮೇಲೆ ಬಾಗಿಲಿನ ಹತ್ತಿರ ಹೋಗಿ, ರಸ್ತೆ ಕಾಣುವಂತೆ ಕೂತಳು.

"ದಿನಕ್ಕ ಐದು ಸಲ ಹಿಂಗ ಕುಂಡರ್ತೇನ್ರಿ," ಎಂದಳು. "ಮುಂಜಾನಿ ಕತ್ತಲದಾಗ ಎರಡು ಸಲ ಬಿದ್ದಾರ. ಮನ್ಯಾಗೇ ಮಾಡ್ರಿ ಅಂತ ಕಾಲು ಹಿಡದೇನಿ. ಕೇಳಂಗಿಲ್ಲ."

ಮಾಸ್ತರರು ಬಟ್ಟಲು ಕೈಗೆತ್ತಿಕೊಂಡರು. ಗುರುಬಾಯಿ ಹೋಗಿರಿ ಎಂದ ದಿನವೇ ಬಂದಿದ್ದರೆ ಹೊಲಸು ಎಂದ ಮಾತು ಇಮಾಮಸಾಬರ ಕಿವಿಯಲ್ಲಿ ಇಷ್ಟು ಬೇರು ಬಿಡುತ್ತಿರಲಿಲ್ಲ ಎಂದು ಅವರಿಗೆ ಖಂಡಿತ ಅನ್ನಿಸಿತು. ಎದುರಿಗೆ ಆ ಮುದುಕಿ ಕತ್ತು ಚಾಚಿ ರಸ್ತೆಯನ್ನೇ ನೋಡುತ್ತಿದ್ದಳು. ಇಮಾಮಸಾಬರು ತಿರುಗಿ ಬರುವ ತನಕ ಮಾಸ್ತರರೂ ಅಲ್ಲೇ ಕೂತರು.